ಅಳತೆಗೆ ಕಳಿಸಿದ ಅಂಗಿ

ಶಶಿರೇಖ ಒಂದು ಮಾತು ಆಡಿಬಿಟ್ಟಿದ್ದಳು. ಆಡಿದ್ದಾದರೂ ಎಲ್ಲಿ? ತಾಂಬೂಲ ಬದಲಾಯಿಸಿಕೊಂಡ ದಿನ, ಎರಡೂ ಕಡೆಯ ಹಿರಿಯರು ಒಂದೇ ಜಮಖಾನದ ಮೇಲೆ ಕೂತಿರುವಾಗ. “ಗಂಡಿನ ಸೂಟು ಒರಗಡೆ ಕೊಡೋದು ಬ್ಯಾಡ. ನಾನೇ ಒಲೀತೀನಿ” ಎಂದಿದ್ದಳು. ಮದುವೆ ಹುಡುಗಿ ತಲೆ ತಗ್ಗಿಸಿ ಕೂತಿರಬೇಕಾದ ಹೊತ್ತಿನಲ್ಲಿ ತಲೆ ಎತ್ತಿ ಆಡಿದ ಮಾತು. ಆಡಿದ್ದನ್ನು ವಾಪಸ್ಸು ನುಂಗುವ ಜಾಯಮಾನವೂ ಅವಳದಲ್ಲ.

ಬಂಗಾರಪೇಟೆ ಕಡೆ ಮದುವೆ ಗಂಡಿನ ಸೂಟು ಹೆಣ್ಣಿನ ಮನೆಯವರ ಲೆಕ್ಕ. ಬೆಳಗಿನ ಮುಹೂರ್ತಕ್ಕೆ ಪಂಚೆ, ಶಲ್ಯ, ಪೇಟ. ಅದರ ಹಿಂದಿನ ಸಂಜೆ ರಿಸೆಪ್ಷನ್ನಿಗೆ ಕೋಟು, ಪ್ಯಾಂಟು, ಟೈ. ಗಂಡು ಕೆಜಿಎಫ್‌ನವನಾದರಂತೂ ಕೇಳುವುದೇ ಬೇಡ. ಅಲ್ಲಿಯ ಗಣಿ ಕೆಲಸಗಾರರ ಲೈನ್ ಮನೆಗಳವರು ಸಾರು ನೀರಾಗಿದ್ದರೆ ಕೈ ತೊಳೆದುಕೊಂಡು ಸುಮ್ಮನೆ ಎದ್ದು ಹೋಗುತ್ತಾರೆ, ಕೋಟಿನ ಭುಜ ಒಂದು ಬೆರಳು ಇಳಿದಿದ್ದರೆ ಮಾತ್ರ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಗಣಿ ನಡೆಸಿದ ಬಿಳಿ ದೊರೆಗಳ ಕಾಲದಿಂದ ಬಂದ ಚಾಳಿ. ದೊರೆಗಳು ಹೋದರು, ಗಣಿಯೂ ಮುಚ್ಚಿತು, ಚಾಳಿ ಉಳಿದುಕೊಂಡಿತು.

ಅಂಥವರ ಮುಂದೆ ಈ ಹುಡುಗಿ ಸೂಟು ಹೊಲಿಯುತ್ತೇನೆ ಎಂದದ್ದು. ಅವಳು ಟೈಲರ್ ಎನ್ನುವುದು ನಿಜ. ಸ್ಟೇಷನ್ ರಸ್ತೆಯ ಪಕ್ಕದ ಓಣಿಯಲ್ಲಿ ಅಂಗಡಿ ಇತ್ತು, ಮೇಲೆ ‘ಶಶಿ ಲೇಡೀಸ್ ಟೈಲರ್’ ಎಂಬ ಬೋರ್ಡು. ಬ್ಲೌಸಿಗೆ ಅವಳ ಕೈ ಬಿಟ್ಟರೆ ಬೇರೆ ಕೈ ಇಲ್ಲ ಎನ್ನುವ ಹೆಂಗಸರು ಬೇತಮಂಗಲದಿಂದಲೂ ಬಸ್ಸು ಹತ್ತಿ ಬರುತ್ತಿದ್ದರು. ಆದರೆ ಅವಳ ಮನಸ್ಸೆಲ್ಲ ಕೋಟಿನ ಮೇಲೆ. ಮಾರಿಕುಪ್ಪಂ ರೈಲು ಹತ್ತಿ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಬ್ಬ ಮುದುಕ ಮಾಸ್ಟರ್ ಹತ್ತಿರ ಕೂತು, ಎದೆ ನೆಟ್ಟಗೆ ನಿಲ್ಲಲು ಒಳಗೆ ಕ್ಯಾನ್ವಾಸ್ ಕೂರಿಸುವುದರಿಂದ ಹಿಡಿದು ಲೈನಿಂಗ್ ಕೈಹೊಲಿಗೆಯವರೆಗೆ ಎಲ್ಲ ಕಲಿತು ಬಂದಿದ್ದಳು. ಕಲಿತದ್ದೇನೋ ಆಯಿತು, ಹೊಲಿಸಿಕೊಳ್ಳುವವರು ಬೇಕಲ್ಲ. ಹೆಂಗಸು ಟೇಪು ಹಿಡಿದು ಎದೆಯ ಸುತ್ತ ಕೈ ಹಾಕುತ್ತಾಳೆ ಎಂದರೆ ಬಂಗಾರಪೇಟೆಯ ಗಂಡಸರಿಗೆ ಒಳಗೊಳಗೇ ನಗು, ಮೇಲೆ ಮೇಲೆ ಮರ್ಯಾದೆ. ಒಬ್ಬನೂ ಬಾಗಿಲು ತುಳಿಯಲಿಲ್ಲ.

ಈಗ ಅವಳ ಕೈಗೆ ಒಂದು ಮೈ ಸಿಕ್ಕಿತ್ತು, ಹೋಗಲಿ, ಕಟ್ಟಿಕೊಳ್ಳುವವನದೇ. ರಿಸೆಪ್ಷನ್ನಿಗೆ ಎರಡೂ ಊರಿನ ಜನ ಬರುತ್ತಾರೆ. ತನ್ನ ಕೋಟು ಹಾಕಿಕೊಂಡು ಅವನು ಸ್ಟೇಜಿನ ಮೇಲೆ ನಿಂತರೆ ಬೋರ್ಡಿನಲ್ಲಿ ‘ಲೇಡೀಸ್’ ಪಕ್ಕ ‘ಜೆಂಟ್ಸ್’ ಎಂದು ಬರೆಸಬಹುದು, ಯಾರೂ ನಗುವುದಿಲ್ಲ. ಕೆಟ್ಟರೆ ಜೀವಮಾನವಿಡೀ ಬ್ಲೌಸಿನ ಕೊಕ್ಕೆ ಹಾಕುತ್ತ ಕೂರಬೇಕು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸೋದರಮಾವ ಬಚ್ಚಪ್ಪ, ಅಪ್ಪ ಇಲ್ಲದ ಆ ಮನೆಗೆ ಹಿರಿಯ, ಅಡ್ಡ ಬಾಯಿ ಹಾಕಿದ. “ಬ್ಯಾಡ ಕಣಮ್ಮಿ. ಬೆಂಗ್ಳೂರಾಗೆ ರೆಡಿಮೇಡ್ ತಂದು ಬಿಸಾಕೋಣ. ಎಚ್ಚುಕಮ್ಮಿ ಆದ್ರೆ ಅಂಗಡಿಯೋನ್ನ ಬೈಯಬೋದು. ನೀನು ಒಲಿದ್ರೆ ಯಾರ್ನ ಬೈಯೋದು?”

“ನನ್ನೇ ಬೈರಿ ಮಾವ. ಅದಕ್ಕೇ ಒಲೀತಿರೋದು.”

ಗಂಡು ಶಿವಕುಮಾರ್, ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನಿನವನು. ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ. ಮಾತು ಕಮ್ಮಿ, ನಗು ಜಾಸ್ತಿ. ಒಂದು ಸಲ ಅಂಗಡಿಗೆ ಬಂದು ಅಳತೆ ಕೊಟ್ಟು ಹೋಗಲಿ ಎಂದು ಶಶಿರೇಖ ಕೇಳಿದಳು. ಅವನ ತಾಯಿ ನರಸಮ್ಮ ಒಪ್ಪಲಿಲ್ಲ. “ತಾಳಿ ಕಟ್ಟೋಕ್ ಮುಂಚೆ ಗಂಡು ಎಣ್ಣಿನ ಬಾಗ್ಲಿಗ್ ಓಗಿ ಕೈ ಎತ್ಕೊಂಡು ನಿಂತ್ಕೊಂತಾನಾ? ನಮ್ ಲೈನ್ನಾಗೆ ನಗ್ತಾರೆ ತಾಯಿ. ಅಳತೆಗೆ ಬಟ್ಟೆ ಕಳಿಸ್ತೀನಿ, ನೋಡ್ಕೊಂಡು ಒಲಿ.”

ಬ್ಲೌಸು ಹೊಲಿಯುವವಳಿಗೆ ಅಳತೆ ಬಟ್ಟೆಯೇನೂ ಹೊಸದಲ್ಲ. ಒಂದು ಕರಿ ಪ್ಯಾಂಟು, ಒಂದು ತೆಳು ನೀಲಿ ಅಂಗಿ ಬಂತು. ಅಂಗಿ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಕಾಲರು ಗರಿಗರಿ. ಮೇಜಿನ ಮೇಲೆ ಹರಡಿದಾಗ ಶಶಿರೇಖಳಿಗೆ ಭುಜ ಸ್ವಲ್ಪ ಅಗಲ ಎನಿಸಿತು. ಅವಳು ನೋಡಿದ್ದ ಹುಡುಗ ಅಷ್ಟು ದಪ್ಪ ಇರಲಿಲ್ಲವಲ್ಲ. ಆದರೆ ಹೆಣ್ಣು ನೋಡುವ ದಿನ ಕದ್ದು ನೋಡಿದ ನೋಟ ಎಷ್ಟು ನೆಚ್ಚಿಕೆಯದು? ಫೋನು ಮಾಡಿ ಕೇಳಿದಳು. “ಅಮ್ಮ ಕಳ್ಸಿರೋ ಅಂಗಿ ನಿಮಗೆ ಸರಿಯಾಗಿ ಕೂತ್ಕೊಳ್ತದಾ?”

“ನನ್ ಅಂಗಿ ನನಗ್ ಕೂತ್ಕೊಳ್ದೆ ಇನ್ಯಾರಿಗ್ ಕೂತ್ಕೊಳ್ತದೆ?” ಎಂದು ಅವನು ನಕ್ಕ.

ಅವಳೂ ನಕ್ಕಳು. ಕತ್ತರಿ ಹಾಕಿದಳು. ನೀಲಿಗಪ್ಪು ಬಟ್ಟೆ, ಒಳಗೆ ಬೂದು ಲೈನಿಂಗು. ಗಿರಾಕಿಗಳ ಬ್ಲೌಸು ಮುಗಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದು, ಒಂದೊಂದು ಹೊಲಿಗೆಯನ್ನೂ ಮನಸ್ಸಿಟ್ಟು ಹೊಲಿದಳು. ಮುಗಿದಾಗ ಅಮ್ಮ ಪಿಳ್ಳಮ್ಮನಿಗೇ ಕಣ್ಣು ತುಂಬಿ ಬಂತು. “ಒಳ್ಳೆ ಕಲೆಕ್ಟ್ರು ಆಕ್ಕೊಳೋ ತರ ಅದೆ ಕಣೇ” ಎಂದಳು.

ರಿಸೆಪ್ಷನ್ ದಿನ ಮಧ್ಯಾಹ್ನವೇ ಗಂಡಿನ ಕಡೆಯ ವ್ಯಾನು ಬಂಗಾರಪೇಟೆಯ ಛತ್ರದ ಮುಂದೆ ನಿಂತಿತು. ಆರತಿ ಆಯಿತು, ಪಾನಕ ಆಯಿತು. ಬಚ್ಚಪ್ಪ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಅದರ ಮೇಲೆ ಮಡಿಸಿದ ಸೂಟು ಇಟ್ಟುಕೊಂಡು ಗಂಡಿನ ಕೋಣೆಗೆ ಹೋದ. ಹೋದವನು ಸ್ವಲ್ಪ ಹೊತ್ತಿಗೆಲ್ಲ ಹೆಣ್ಣಿನ ಕೋಣೆಯ ಬಾಗಿಲಿಗೆ ಬಂದು ನಿಂತ. ಮುಖ ಹರಳೆಣ್ಣೆ ಕುಡಿದವನ ಮುಖ.

“ಏನಾಯ್ತು ಮಾವ?”

“ಬಂದು ನೋಡು. ನಾನೇನ್ ಯೋಳ್ಲಿ.”

ಶಶಿರೇಖಳಿಗೆ ಆಗ ಅಲಂಕಾರ ನಡೆದಿತ್ತು. ಒಂದು ಕಣ್ಣಿಗೆ ಕಾಡಿಗೆ ಬಿದ್ದಿತ್ತು, ಇನ್ನೊಂದಕ್ಕೆ ಇರಲಿಲ್ಲ. ಹಾಗೇ ಎದ್ದಳು. ಗಂಡಿನ ಕೋಣೆಗೆ ಹೆಣ್ಣು ಹೋಗಬಾರದು ಎಂದು ಯಾರೋ ಹಿಂದಿನಿಂದ ಸೆರಗು ಎಳೆದರು. ಕೊಸರಿಕೊಂಡು ಹೋದಳು.

ಶಿವಕುಮಾರ್ ಕೋಣೆಯ ನಡುವೆ ನಿಂತಿದ್ದ. ಪ್ಯಾಂಟು ಹೇಳಿ ಮಾಡಿಸಿದ ಹಾಗಿತ್ತು. ಕೋಟು ಮಾತ್ರ, ಅಯ್ಯೋ ದೇವರೇ, ಭುಜದಿಂದ ಜಾರಿ ತೋಳಿನ ಮೇಲೆ ಬಿದ್ದಿತ್ತು, ಬೆರಳುಗಳು ತೋಳಿನೊಳಗೆ ಮುಳುಗಿದ್ದವು, ಎದೆಯ ಹತ್ತಿರ ಒಂದು ದಿಂಬು ತೂರಿಸಬಹುದಿತ್ತು. ಅಪ್ಪನ ಕೋಟು ಕದ್ದು ಹಾಕಿಕೊಂಡ ಹುಡುಗನ ಹಾಗೆ ಕಾಣುತ್ತಿದ್ದ. ಅಷ್ಟು ಶ್ರದ್ಧೆಯಿಂದ ಹೊಲಿದ ಭುಜ ಹೀಗೆ ಜೋತುಬಿದ್ದದ್ದು ನೋಡಿ ಅಳು ಬಂತು. ಅಳು ನುಂಗಿಕೊಂಡಳು.

ಗಂಡಿನ ಸೋದರತ್ತೆ ಶ್ಯಾಮಲ ಮಂಚದ ತುದಿಯಲ್ಲಿ ಕೂತಿದ್ದಳು. ಆ ಕಡೆಯ ಮದುವೆಗಳಲ್ಲಿ ತಪ್ಪು ಹುಡುಕುವ ಕೆಲಸ ಅವಳಿಗೇ ಬರೆದಿಟ್ಟದ್ದು. “ಬ್ಲೌಸ್ ಒಲಿಯೋ ಕೈ ಬ್ಲೌಸೇ ಒಲೀಬೇಕಮ್ಮ. ಕೋಟು ಅಂದ್ರೆ ಸುಮ್ನೆನಾ” ಎಂದಳು.

“ಬಸ್ ಸ್ಟ್ಯಾಂಡ್ ಅತ್ರ ಬಾಡಿಗೆಗೆ ಕೊಡ್ತಾರೆ. ಈಗ್ಲೇ ಒಂದು ತರ್ತೀನಿ” ಎಂದು ಬಚ್ಚಪ್ಪ ಚಪ್ಪಲಿ ಮೆಟ್ಟಿದ.

“ಬಾಡಿಗೆ ಕೋಟು ಈ ಬಾಗ್ಲೊಳಗ್ ಬಂದ್ರೆ ನಾನು ಸ್ಟೇಜ್ ಅತ್ತಲ್ಲ ಮಾವ” ಎಂದಳು ಶಶಿರೇಖ. ದನಿ ಏರಿಸಲಿಲ್ಲ. ಬಚ್ಚಪ್ಪನಿಗೆ ಅವಳು ಚಿಕ್ಕವಳಿದ್ದಾಗಿನಿಂದ ಆ ದನಿ ಗೊತ್ತು. ಚಪ್ಪಲಿ ಬಿಟ್ಟ.

ಇದನ್ನು ತಮಾಷೆ ಮಾಡಿ ತೇಲಿಸಿಬಿಡೋಣ ಎಂದು ವೆಂಕಿ ಮುಂದೆ ಬಂದ. ಶಿವಕುಮಾರ್‌ನ ಪಕ್ಕದ ಮನೆಯವನು, ಜೊತೆಗೇ ಬೆಳೆದವನು, ಜಿಮ್ಮಿಗೆ ಹೋಗಿ ಹೋಗಿ ಎದೆ ಉಬ್ಬಿಸಿಕೊಂಡವನು. “ಬಿಚ್ಲಾ ಶಿವು, ನಾನಾದ್ರೂ ಆಕ್ಕೊಂತೀನಿ” ಎಂದು ಕೋಟು ಇಸಿದುಕೊಂಡು ಹಾಕಿಕೊಂಡ.

ಕೂತಿತು. ಭುಜ, ಎದೆ, ಬೆನ್ನು, ತೋಳಿನ ತುದಿ, ಎಲ್ಲ ಒಂದು ಕೂದಲು ಆಚೀಚೆ ಇಲ್ಲದೆ ಅವನ ಮೇಲೆ ಕೂತಿತು. ವೆಂಕಿ ಕನ್ನಡಿ ನೋಡಿಕೊಂಡು ಖುಷಿಯಲ್ಲಿ ತಿರುಗಿದ. ಯಾರ ಮುಖದಲ್ಲೂ ನಗು ಇರಲಿಲ್ಲ.

ಶ್ಯಾಮಲ ಮಂಚದಿಂದ ಎದ್ದಳು. “ಅಲ್ಲಮ್ಮ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ. ಕಟ್ಕೊಳೋನ ಅಳತೆ ನಿಂಗೆ ಗೊತ್ತಿಲ್ಲ. ವೆಂಕಿ ಅಳತೆ ಇಷ್ಟು ಸರಿಯಾಗಿ ಎಂಗೆ ಗೊತ್ತಾಯ್ತು?”

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತು ಇನ್ನು ಕಾಲು ಗಂಟೆಯಲ್ಲಿ ಅಡಿಗೆಯವರವರೆಗೆ ಹೋಗುತ್ತದೆ, ನಾಳೆಯ ರೈಲಿನಲ್ಲಿ ಮಾರಿಕುಪ್ಪಂವರೆಗೆ ಹೋಗುತ್ತದೆ. ವೆಂಕಿಯ ಮುಖ ಬಿಳಿಚಿಕೊಂಡಿತು. “ಅಯ್ಯೋ ಶ್ಯಾಮಲಕ್ಕ, ನಾನು ಈಯಮ್ಮನ್ನ ನೋಡ್ತಿರೋದೇ ಈವತ್ತು” ಎಂದು ಬೆಂಕಿ ಹತ್ತಿದವನ ಹಾಗೆ ಕೋಟು ಕಿತ್ತೆಸೆದ. ಅವನು ಹೆದರಿದಷ್ಟೂ ಮಾತಿಗೆ ಬಲ ಬಂತು. ಪಿಳ್ಳಮ್ಮ ಗೋಡೆ ಹಿಡಿದುಕೊಂಡು ಕೂತುಬಿಟ್ಟಳು.

ಶಶಿರೇಖ ಎಲ್ಲರನ್ನೂ ನೋಡಿದಳು. ಕೊನೆಗೆ ನರಸಮ್ಮನನ್ನು ನೋಡಿದಳು. ಆಕೆ ಮೂಲೆಯಲ್ಲಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಕಣ್ಣು ನೆಲದಲ್ಲಿತ್ತು. ಆ ಕಣ್ಣು ಮೇಲೆ ಬರಲೇ ಇಲ್ಲ. ಆಗ ಶಶಿರೇಖಳಿಗೆ ಎಲ್ಲ ಅರ್ಥವಾಯಿತು. ಗಂಜಿ ಹಾಕಿದ ಆ ಅಂಗಿ ಶಿವಕುಮಾರ್‌ನದಲ್ಲ. ಪಕ್ಕದ ಮನೆಯದು.

ಸಿಟ್ಟು ನೆತ್ತಿಗೇರಿತು. ಇಷ್ಟು ಜನರ ಮುಂದೆ ತನ್ನ ಮಾನ ಹೋಗುತ್ತಿದೆ, ಈ ಹೆಂಗಸು ನೆಲ ನೋಡುತ್ತ ನಿಂತಿದೆಯಲ್ಲ. ಒಂದು ಮಾತು ಹೇಳಿದರೆ ಸಾಕು, ತಾನು ಗೆದ್ದ ಹಾಗೆ. ಆದರೆ ಅತ್ತೆಯ ಮಾನ ಕಳೆದ ಸೊಸೆ ಎಂಬ ಹೆಸರು ಹೊತ್ತು ನಾಳೆ ಅದೇ ಹೊಸಿಲು ದಾಟಬೇಕು. ತಾನು ಹೇಳಿದರೆ ನಂಬುತ್ತಾರೆ ಎನ್ನುವುದಾದರೂ ಏನು ಗ್ಯಾರಂಟಿ? ಸಿಕ್ಕಿಬಿದ್ದವಳು ಅತ್ತೆಯ ತಲೆಗೆ ಕಟ್ಟಿದಳು ಎಂದೇ ಶ್ಯಾಮಲ ಸಾರಿಕೊಂಡು ಬರುತ್ತಾಳೆ.

ಅವಳು ಸೂಜಿ ದಾರದ ಜೊತೆ ಅಮ್ಮನ ಚೀಲಕ್ಕೆ ಹಾಕಿಟ್ಟಿದ್ದ ಟೇಪು ತೆಗೆದಳು. ಶಿವಕುಮಾರ್‌ನ ಮುಂದೆ ಹೋಗಿ ನಿಂತಳು.

“ಕೈ ಎತ್ತಿ.”

“ತಾಳಿ ಕಟ್ಟೋಕ್ ಮುಂಚೆನೇ ಮೈ ಮುಟ್ತಾಳಲ್ಲೇ” ಎಂದು ಯಾರೋ ಬಾಯಿ ಮೇಲೆ ಬೆರಳಿಟ್ಟರು. ಶಿವಕುಮಾರ್ ಕೈ ಎತ್ತಿದ. ಅವಳು ಎದೆ ಸುತ್ತಿ ಟೇಪು ಎಳೆದಳು, ಭುಜ ಅಳೆದಳು, ಬೆನ್ನು ಅಳೆದಳು. ಅವನು ತುಟಿ ಅಲ್ಲಾಡಿಸದೆ ಮೆಲ್ಲಗೆ ಹೇಳಿದ, “ನಾನೇನೂ ತಪ್ಪು ತಿಳ್ಕೊಂಡಿಲ್ಲ.”

“ತಿಳ್ಕೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ, ಕೋಟು ಸರಿಯಾಗ್ಬೇಕು. ನೆಟ್ಟಗ್ ನಿಂತ್ಕೊಳಿ” ಎಂದಳು. ಆದರೆ ಆ ಮಾತು ಕೇಳಿ ಅವಳ ಎದೆ ಸ್ವಲ್ಪ ಹಗುರಾಯಿತು, ಸುಳ್ಳು ಯಾಕೆ ಹೇಳಬೇಕು.

ಕೋಟು ಎತ್ತಿ ತೋಳಿನ ಮೇಲೆ ಹಾಕಿಕೊಂಡು ನರಸಮ್ಮನ ಕಡೆ ತಿರುಗಿದಳು. “ಅತ್ತೆ, ನೀವೂ ಬನ್ನಿ. ಅಂಗಡಿಗ್ ಓಗ್ಬರೋಣ. ಇಡ್ಕೊಳೋಕೆ ಒಂದ್ ಕೈ ಬೇಕು” ಎಂದಳು.

ಛತ್ರದಿಂದ ಅಂಗಡಿ ದೂರವೇನಲ್ಲ. ಒಂದೇ ಕಣ್ಣಿಗೆ ಕಾಡಿಗೆ, ತಲೆತುಂಬ ಹೂವು, ಕೈತುಂಬ ಮೆಹಂದಿ, ತೋಳಿನ ಮೇಲೆ ಗಂಡಸಿನ ಕೋಟು. ಹಿಂದೆ ಬೀಗಿತ್ತಿ ನರಸಮ್ಮ. ಸ್ಟೇಷನ್ ರಸ್ತೆಯ ಸೋಡಾ ಅಂಗಡಿಯವನು ಬಾಟಲಿ ತೆಗೆಯುವುದನ್ನು ನಿಲ್ಲಿಸಿ ನೋಡಿದ. ನೋಡಲಿ ಎಂದುಕೊಂಡು ಅವಳು ನಡೆದಳು.

ಅಂಗಡಿಯ ಶೆಲ್ಫಿನಿಂದ ನೀಲಿ ಅಂಗಿ ತೆಗೆದು ಮಿಷನ್ನಿನ ಮೇಲೆ ಇಟ್ಟಳು. “ಇದು ಯಾರ್ದು ಅತ್ತೆ?”

ನರಸಮ್ಮ ಸ್ಟೂಲಿನ ಮೇಲೆ ಕುಸಿದಳು. “ವೆಂಕಿದು. ಪ್ಯಾಂಟು ಮಾತ್ರ ಶಿವೂದೇ. ಅಂಗಿ ಕಳ್ಸಿದ್ದು ವೆಂಕಿಗೂ ಗೊತ್ತಿಲ್ಲ. ಅವ್ರಮ್ಮನ್ ಅತ್ರ ಇಸ್ಕೊಂಡೆ.”

“ಯಾಕ್ ಅತ್ತೆ?”

“ಶಿವೂದು ಒಂದಾದ್ರೂ ಕಳ್ಸೋ ತರ ಇದ್ರೆ ತಾನೇ. ಎಲ್ಲಾ ವೆಲ್ಡಿಂಗ್ ಕಿಡಿ ಬಿದ್ದು ತೂತು. ಇದ್ದಿದ್ರಾಗೆ ಒಳ್ಳೇದು ಒಂದು, ಅದ್ರ ಕಾಲರೂ ಅರಿದೋಗಿತ್ತು. ಅಂಥಾದ್ನ ಬೀಗರ ಮನೇಗ್ ಎಂಗ್ ಕಳಿಸ್ಲಿ? ಎಣ್ಣಿನೋರು ಬಿಚ್ಚಿ ನೋಡಿ ಎಂಥಾ ದರಿದ್ರದ ಮನೆ ಅನ್ಕೊಂತಾರಲ್ಲ. ಇಬ್ರೂ ಒಂದೇ ಎತ್ತರ ಅವ್ರಲ್ಲ, ಆಗ್ತದೆ ಅನ್ಕೊಂಡೆ ತಾಯಿ.”

ಹಾಗಾಗಿ ಮಗನ ಕೋಟು ಪಕ್ಕದ ಮನೆಯವನ ಮೈಗೆ ತಯಾರಾಗಿತ್ತು. ಶಶಿರೇಖಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟು ಹೋಗಿರಲಿಲ್ಲ, ಅದರ ಪಕ್ಕದಲ್ಲೇ ಕರುಳು ಚುರ್ ಎಂದಿತು. ಬ್ಲೇಡು ತೆಗೆದುಕೊಂಡು ತೋಳಿನ ಹೊಲಿಗೆ ಬಿಚ್ಚತೊಡಗಿದಳು.

“ಅಲ್ಲೇ ಯೋಳ್ಬೋದಿತ್ತಲ್ಲ ಅತ್ತೆ. ಶ್ಯಾಮಲಮ್ಮ ಆ ಮಾತು ಅಂದಾಗ.”

“ಬಾಯ್ ಬರ್ಲಿಲ್ಲ. ನಾಳೆ ಮನೇಗ್ ಓದ್ಮೇಲೆ ಒಬ್ಬೊಬ್ರನ್ನೇ ಕರ್ದು ಯೋಳ್ತೀನಿ. ನಿನ್ ಮೇಲಾಣೆ.”

ಶಶಿರೇಖ ಬ್ಲೇಡು ನಿಲ್ಲಿಸಿದಳು. “ಇಲ್ಲ ಅತ್ತೆ. ಅವ್ರು ಅಂದಿದ್ದು ಎಲ್ರ ಮುಂದೆ. ನೀವು ಯೋಳೋದೂ ಎಲ್ರ ಮುಂದೆ, ಈವತ್ತೇ. ಕೋಟು ನಾನ್ ಸರಿ ಮಾಡ್ತೀನಿ. ಮಾತು ನೀವ್ ಸರಿ ಮಾಡ್ಬೇಕು.”

“ನನ್ ಕೈಲಿ ಆಗ್ದಿದ್ರೆ?”

“ಆಗ್ದಿದ್ರೆ ನಿಮ್ ಮಗ ಕೋಟು ಆಕ್ಕೊಂಡು ಸ್ಟೇಜ್ ಮೇಲೆ ಒಬ್ರೇ ನಿಂತ್ಕೊಂತಾರೆ. ನಾನಾಗಿ ನಿಮ್ ಎಸ್ರು ಎತ್ತಲ್ಲ. ಕೇಳೋರ್ಗೆ ನೀವೇ ಜವಾಬು ಕೊಡಿ.”

ತೋಳು ಎರಡೂ ಕೈಗೆ ಬಂದವು, ಲೈನಿಂಗು ಬಿಚ್ಚಿಕೊಂಡಿತು. ಭುಜದಲ್ಲಿ ಚಾಕಿನ ಗೆರೆ ಎಳೆದು ಕತ್ತರಿಸಿದಳು, ಬೆನ್ನಿನ ನಡು ಹೊಲಿಗೆ ಒಳಗೆ ತೆಗೆದುಕೊಂಡಳು, ಎರಡೂ ಪಕ್ಕ ಹಿಡಿದು ಬಿಗಿ ಮಾಡಿದಳು. ಎದೆಯ ಕ್ಯಾನ್ವಾಸ್ ಮುಟ್ಟುವಾಗ ಮಾತ್ರ ಉಸಿರು ಹಿಡಿದಳು, ಅದು ಸುಕ್ಕಾದರೆ ಮುಗಿಯಿತು. ಸೊಸೆ ಹಿಡೀರಿ ಎಂದಲ್ಲಿ ನರಸಮ್ಮ ಹಿಡಿದಳು, ಬಿಡಿ ಎಂದಾಗ ಬಿಟ್ಟಳು. ಇಸ್ತ್ರಿ ಪೆಟ್ಟಿಗೆಯಿಂದ ಹಬೆ ಎದ್ದು ಮದುಮಗಳ ಮುಖದ ಪೌಡರೆಲ್ಲ ಇಳಿಯಿತು. ಅಮ್ಮನ ಫೋನು ಬರುತ್ತಲೇ ಇತ್ತು, ಶಶಿರೇಖ ತೆಗೆಯಲಿಲ್ಲ. ಛತ್ರದಲ್ಲಿ ಬಚ್ಚಪ್ಪ, ಜನ ಸ್ಟೇಜು ನೋಡಿಕೊಂಡು ಕೂತಿರಲಾರರು ಎಂದು, ಮೊದಲು ಊಟಕ್ಕೆ ಎಬ್ಬಿಸಿದ್ದ.

ಅವರು ವಾಪಸ್ಸು ಬಂದಾಗ ಲೈಟು ಹಾಕಿದ್ದರು, ಒಂದು ಪಂಕ್ತಿ ಎದ್ದಿತ್ತು. ವೆಂಕಿ ಕೋಟನ್ನು ಕೈಯಿಂದಲೂ ಮುಟ್ಟಲಿಲ್ಲ, ಬಾಗಿಲು ತೆರೆದು ದೂರ ಸರಿದು ನಿಂತ. ಶಿವಕುಮಾರ್ ಹಾಕಿಕೊಂಡ. ಬಟನ್ ಹಾಕಿದ. ಭುಜ ಕೂತಿತು, ಬೆನ್ನು ಕೂತಿತು, ತೋಳಿನ ತುದಿಯಲ್ಲಿ ಹೊಸ ಅಂಗಿಯ ಬಿಳಿ ಇಷ್ಟೇ ಇಷ್ಟು ಕಂಡಿತು. ಅವನು ಕನ್ನಡಿಯಲ್ಲಿ ತನ್ನನ್ನೇ ಯಾರೋ ಎಂಬಂತೆ ನೋಡಿದ. ಕೆಜಿಎಫ್‌ನ ಹಿರಿಯರೊಬ್ಬರು ಹತ್ತಿರ ಬಂದು ಭುಜದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಏನೂ ಹೇಳದೆ ತಲೆ ಆಡಿಸಿದರು. ಆ ಊರಿನವರ ಲೆಕ್ಕದಲ್ಲಿ ಅದು ಸಣ್ಣ ಬಹುಮಾನವಲ್ಲ.

ಅವನು ಸ್ಟೇಜು ಹತ್ತಿದ. ಶಶಿರೇಖ ರೇಷ್ಮೆ ಸೀರೆ ಉಟ್ಟು, ಇನ್ನೊಂದು ಕಣ್ಣಿಗೂ ಕಾಡಿಗೆ ಹಚ್ಚಿಸಿಕೊಂಡು ಬಂದವಳು ಮೆಟ್ಟಿಲ ಬುಡದಲ್ಲಿ ನಿಂತಳು. ಹತ್ತಲಿಲ್ಲ. ಫೋಟೋದವನು ಕರೆದ, ಹತ್ತಲಿಲ್ಲ. ಪಿಳ್ಳಮ್ಮ ಬೆನ್ನು ತಳ್ಳಿದಳು, ಹತ್ತಲಿಲ್ಲ. ಕುರ್ಚಿಗಳ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಶ್ಯಾಮಲ ಪಕ್ಕದವಳ ಕಿವಿಗೆ ಬಾಗಿದಳು. ನರಸಮ್ಮ ಬಾಯಿ ಬಿಡದಿದ್ದರೆ ಈ ಮದುವೆ ಇಲ್ಲಿಗೇ ನಿಲ್ಲಬಹುದು ಎನ್ನುವುದು ಶಶಿರೇಖಳಿಗೆ ಈಗ ನಿಜವಾಗಿ ಹೊಳೆಯಿತು. ಹೊಳೆದರೂ ಕದಲಲಿಲ್ಲ.

ನರಸಮ್ಮ ಹಿಂದಿನ ಸಾಲಿನಿಂದ ಎದ್ದಳು. ಕುರ್ಚಿಗಳನ್ನು ಹಿಡಿದುಕೊಂಡು ಹಿಡಿದುಕೊಂಡು ಮುಂದೆ ಬಂದು, ಬಚ್ಚಪ್ಪನ ಕೈಲಿದ್ದ ಮೈಕು ಇಸಿದುಕೊಂಡಳು. ಯಾವತ್ತೂ ಮೈಕು ಹಿಡಿದವಳಲ್ಲ, ಬಾಯಿಗೆ ತೀರಾ ಹತ್ತಿರ ಹಿಡಿದಳು, ಅದು ಒಮ್ಮೆ ಕಿರುಚಿತು.

“ಮಧ್ಯಾಹ್ನ ಇಲ್ಲೊಂದು ಮಾತಾಯ್ತು. ಎಲ್ರಿಗೂ ಮುಟ್ಟಿರ್ತದೆ. ಕೋಟು ಅಳತೆಗೆ ಅಂಗಿ ಕಳ್ಸಿದ್ದು ನಾನು. ವೆಂಕಿ ಅಂಗಿ ಕಳ್ಸ್ದೆ. ನನ್ ಮಗಂದು ಎಲ್ಲಾ ಅರಿದಿರೋವು, ತೂತು ಬಿದ್ದಿರೋವು, ಬೀಗ್ರಿಗ್ ತೋರ್ಸೋಕೆ ನಾಚ್ಕೆ ಆಯ್ತು.” ನಿಲ್ಲಿಸಿ ಉಸಿರೆಳೆದುಕೊಂಡಳು. “ಆ ಉಡ್ಗೀಗೆ ಏನೂ ಗೊತ್ತಿರ್ಲಿಲ್ಲ. ನಾನು ಕಳಿಸಿದ್ದಕ್ಕೆ ಸರಿಯಾಗಿ ಒಲಿದ್ಳು. ಆಡ್ಕೊಳೋರು ನನ್ನ ಆಡ್ಕೊಳಿ.”

ಯಾರೂ ಆಡಿಕೊಳ್ಳಲಿಲ್ಲ. ಶ್ಯಾಮಲ ತಲೆ ತಗ್ಗಿಸಿ ತನ್ನ ಬಳೆಗಳನ್ನು ತಿರುಗಿಸುತ್ತ ಕೂತಳು. ಸ್ಟೇಜಿನ ಮೇಲೆ ಶಿವಕುಮಾರ್ ಅಷ್ಟು ಒಳ್ಳೆಯ ಕೋಟಿನೊಳಗೆ ನಿಂತು, ತನ್ನ ಅಂಗಿಗಳ ತೂತನ್ನು ಅಮ್ಮ ಊರಿಗೆಲ್ಲ ಹೇಳುವುದನ್ನು ಕೇಳಿ, ಕಣ್ಣು ಒರೆಸಿಕೊಂಡ.

ನರಸಮ್ಮ ಮೈಕು ಕೊಟ್ಟು ಹಿಂದಕ್ಕೆ ಹೊರಟಳು. ಶಶಿರೇಖ ಆಕೆಯ ಕೈ ಹಿಡಿದಳು. ಆ ಕೈ ತಣ್ಣಗಿತ್ತು.

“ಬುಡು ತಾಯಿ, ನಾನ್ ಇಂದೆ ಕೂತ್ಕೊಂತೀನಿ. ಎಲ್ಲಾ ಯೋಳ್ಬುಟ್ಟೆನಲ್ಲ. ಇಂಥಾ ಮನೇಗೆ ಬತ್ತೀಯಾ ನೀನು?”

“ಅರಿದಿರೋ ಬಟ್ಟೆ ನೋಡಿ ಎದ್ರಿಕೊಳೋಳು ಟೈಲರ್ ಆಗ್ತಾಳಾ ಅತ್ತೆ?” ಎಂದಳು ಶಶಿರೇಖ. “ಎಲ್ಲಾನೂ ಎತ್ತಿಡಿ, ಒಂದೂ ಬಿಸಾಕ್ಬ್ಯಾಡಿ. ಕಾಲರ್ ಬಿಚ್ಚಿ ತಿರುಗ್ಸಿ ಆಕ್ತೀನಿ, ತೂತಿಗೆ ನೂಲೆಳೆದು ರಫು ಮಾಡ್ತೀನಿ. ಈಗ್ ಬನ್ನಿ.”

ಕೈ ಬಿಡದೆ, ಅತ್ತೆಯನ್ನು ಮುಂದೆ ಬಿಟ್ಟುಕೊಂಡು, ಅವಳು ಸ್ಟೇಜಿನ ಮೆಟ್ಟಿಲು ಹತ್ತಿದಳು.